ಹವಾ ಅಳೆಯುವ ಡಬ್ಬಿ

ನಮ್ಮ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಆಸುಪಾಸಿನಲ್ಲಿದೆ ಎಂದರೆ ಸಾಕು. ಆಗ ಪಂಚಾಯತಿಯ ಕುರ್ಚಿಗಳಲ್ಲಿ ಕೂತಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಎದುರಿಗೆ ಸಿಕ್ಕರೆ ಮನೆಗೆ ಕರೆದು ಚಹಾ ಕೊಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹಿರಿಯರ ಮೇಲಿನ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಸಿಕೊಳ್ಳಬೇಕು ಅಂತ ನನಗೆ ಅನಿಸಿಯೂ ಇಲ್ಲ.

ಎಂಬತ್ತರ ದಶಕದ ಮಾತು. ನನ್ನ ಗಂಡನ ಮನೆಯವರು ಧಾರವಾಡದ ಕಡೆಯವರು, ದಾಂಡೇಲಿಯಲ್ಲಿ ಗಿರಣಿ ಕೆಲಸ ಸಿಗುತ್ತದೆಂದು ಬಂದು, ಅಲ್ಲಿ ಬಾಡಿಗೆ ಮನೆ ಸಿಗದೆ ನಮ್ಮ ಊರಿನಲ್ಲಿ ನಿಂತವರು. ಗಂಡ ಪಾಳಿಗೆ ತಕ್ಕಂತೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ನಮ್ಮ ಓಣಿಯ ಹಿಂದೆ ಒಂದು ಸಾ ಮಿಲ್ಲು ಇತ್ತು. ಕಟ್ಟಿಗೆ ಕೊಯ್ದಾಗ ಬೀಳುವ ಹೊಟ್ಟನ್ನು ಮಿಲ್ಲಿನವರು ಆಚೆಯ ಬಯಲಿಗೆ ತಂದು ಸುರಿಯುತ್ತಿದ್ದರು. ಹೇಗೂ ಗುಡ್ಡೆ ಇದೆಯಲ್ಲ ಎಂದು ಪಂಚಾಯತಿಯವರೂ ಊರಿನ ಕಸವನ್ನು ಅದರ ಮೇಲೆಯೇ ಹಾಕತೊಡಗಿದರು. ಒಂದು ಬೇಸಿಗೆಯಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟರು. ಮೇಲಿನ ಕಸ ಒಂದು ದಿನದಲ್ಲಿ ಉರಿದು ಹೋಯಿತು, ಒಳಗಿನ ಹೊಟ್ಟು ಮಾತ್ರ ಆರಲೇ ಇಲ್ಲ.

ಹೊಟ್ಟಿನ ಒಲೆ ಉರಿಸಿದವರಿಗೆ ಅದರ ಗುಣ ಗೊತ್ತು. ಜ್ವಾಲೆ ಕಾಣುವುದಿಲ್ಲ, ಒಳಗೊಳಗೇ ಸುಡುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಆರೀತು ಎಂದುಕೊಂಡಿದ್ದೆವು. ಮಳೆ ಬಂದು ಮೇಲಷ್ಟೇ ತೋಯ್ದು ಹೊಗೆ ಇನ್ನೂ ದಪ್ಪವಾಯಿತು. ದಿನಾ ಬೀಳುವ ಹೊಸ ಕಸದಲ್ಲಿ ಹಳೆ ಚಪ್ಪಲಿ, ಸೈಕಲ್ ಟಯರು, ಸತ್ತ ಕೋಳಿ ಎಲ್ಲವೂ ಇರುತ್ತಿದ್ದವು. ಬಾಗಿಲು ಹಾಕಿಕೊಂಡು ಅಡಿಗೆ ಮಾಡಿದರೂ ಸಾರಿಗೆ ಟಯರಿನ ವಾಸನೆ ಬರುತ್ತಿತ್ತು.

ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ನನ್ನ ಮಗಳಿಗೆ ದಮ್ಮು ಶುರುವಾಯಿತು. ಇನ್ನೂ ಶಾಲೆಗೆ ಹಾಕಿರದ ಸಣ್ಣ ಹುಡುಗಿ. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಸೀಟಿ ಊದಿದಂತೆ ಕೇಳಿಸುತ್ತಿತ್ತು. ಕುತ್ತಿಗೆಯ ಕೆಳಗಿನ ಗುಳಿ ಒಳಗೆ ಹೋಗುವುದನ್ನು ನೋಡುತ್ತಾ ರಾತ್ರಿಯೆಲ್ಲ ಕೂತಿರುತ್ತಿದ್ದೆ. ಸರಕಾರಿ ದವಾಖಾನೆಯ ಡಾಕ್ಟರು ಒಳ್ಳೆಯ ಮನುಷ್ಯರು. ಮೂರ್ನಾಲ್ಕು ಸಲ ಗುಳಿಗೆ ಕೊಟ್ಟ ಮೇಲೆ ನನ್ನನ್ನು ಕೂಡಿಸಿ ಹೇಳಿದರು.

"ಹೊಗಿ ಒಳಗ ಇಟ್ಟು ಗುಳಿಗಿ ಕೊಟ್ರ ಏನ್ ಉಪಯೋಗ ರೀ? ಒಂದೋ ಹೊಗಿ ಹೋಗಬೇಕು, ಇಲ್ಲಾ ಹುಡುಗಿ ಹೋಗಬೇಕು."

ಬೇರೆ ಊರಿಗೆ ಹೋಗಬೇಕು ಎಂಬ ಅರ್ಥದಲ್ಲಿ ಅವರು ಹೇಳಿದ್ದು. ನನಗೆ ಕೇಳಿಸಿದ್ದು ಮಾತ್ರ ಬೇರೆಯೇ. ಚಿಗಳ್ಳಿಯಲ್ಲಿದ್ದ ನನ್ನ ಅವ್ವ ಮಗುವನ್ನು ತನ್ನ ಹತ್ತಿರ ಕಳಿಸು ಎಂದು ಆಗಲೇ ಹೇಳತೊಡಗಿದ್ದಳು. ಮುಂಡಗೋಡ ತಾಲೂಕಿನ ಹಳ್ಳಿ, ಸುತ್ತ ಭತ್ತದ ಗದ್ದೆ, ಹೊಗೆ ಎಂದರೆ ಒಲೆಯದು ಅಷ್ಟೆ. ನಾನು ಒಪ್ಪಲಿಲ್ಲ. ಹೊಗೆ ಹಾಕಿದವರು ಬೇರೆ, ಮನೆ ಬಿಟ್ಟು ಹೋಗಬೇಕಾದವಳು ನನ್ನ ಮಗಳೇ? ಹುಡುಗಿ ಇಲ್ಲೇ ಇರುತ್ತಾಳೆ, ಹೊಗೆಯೇ ಹೋಗಲಿ ಎಂದು ಹಟ ಹಿಡಿದೆ.

ಓಣಿಯ ಹೆಂಗಸರನ್ನು ಸೇರಿಸಿಕೊಂಡು ಪಂಚಾಯತಿಗೆ ಹೊರಟೆ. ನನ್ನ ಜೊತೆ ಮುಂದೆ ನಿಂತವಳು ಪಕ್ಕದ ಮನೆಯ ಸಿದ್ದಿ ಸಮುದಾಯದ ಹೆಂಗಸು. ಹಳಿಯಾಳದ ಹತ್ತಿರದ ಹಳ್ಳಿಯವಳು, ಸಾ ಮಿಲ್ಲಿನಲ್ಲಿ ಅದೇ ಹೊಟ್ಟನ್ನು ಹೊರುವ ಕೆಲಸ ಅವಳದು. ಅವಳ ಇಬ್ಬರು ಮಕ್ಕಳೂ ಕೆಮ್ಮುತ್ತಿದ್ದರು. ಮಾಲಕರಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತಲ್ಲವೇ ಎಂದು ಕೇಳಿದ್ದಕ್ಕೆ, "ಹೊಟ್ಟು ಹೊರಾಕ ನಾ ಬೇಕಾ ಬೇಕಲ್ಲಕ್ಕಾ, ಮಾಲಕ ಹೊರ್ತಾನೇನು?" ಎಂದು ನಕ್ಕಳು. ಸಾಕ್ಷಿಗಿರಲಿ ಎಂದು ನಾನು ಅತ್ತೆಯ ಬಿಳಿ ಸೀರೆಯನ್ನು ಒಗೆದು, ಬೆಳಗಿನಿಂದ ಹಿತ್ತಲಲ್ಲಿ ಒಣಹಾಕಿ, ಮೇಲೆ ಕೂತ ಕರಿ ಉದುರದಂತೆ ಮಡಚಿ ಒಯ್ದಿದ್ದೆ.

ಅಧ್ಯಕ್ಷರ ಮೇಜಿನ ಮೇಲೆ ಸೀರೆ ಬಿಚ್ಚಿ ಹರಡಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಸದಸ್ಯರೂ ಎದ್ದು ಬಂದು ನೋಡಿದರು.

"ಸೀರಿ ಸರಿ ಒಗದಿಲ್ಲ ಕಾಣ್ತೈತಿ, ಅಕ್ಕಾರ," ಎಂದರು ಅಧ್ಯಕ್ಷರು.

ಸಭೆಯೆಲ್ಲ ನಕ್ಕಿತು. ನಮ್ಮ ಕಡೆ ಹೆಣ್ಣುಮಗಳಿಗೆ ಅರಿವೆ ಒಗೆಯಲು ಬರುವುದಿಲ್ಲ ಎಂದರೆ ಆಕೆ ಸಂಸಾರಕ್ಕೇ ಲಾಯಕ್ಕಿಲ್ಲ ಅಂದ ಹಾಗೆ, ಅದು ಗೊತ್ತಿದ್ದೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಕೆಲಸ ಆಗಬೇಕಿತ್ತು, ನುಂಗಿಕೊಂಡೆ. ಕಸ ಹಾಕುವುದನ್ನು ನಿಲ್ಲಿಸಿ, ಗುಡ್ಡೆ ಅಗೆಸಿ ನೀರು ಹೊಡೆಸಿ ಎಂದು ಕೇಳಿದೆ. ಅಧ್ಯಕ್ಷರು ಬಹಳ ನಿಧಾನವಾಗಿ ಉತ್ತರ ಕೊಟ್ಟರು.

"ಹೊಗಿ ಎಲ್ಲಾ ಕಡೆ ಐತ್ರಿ. ನಮ್ಮ ಮನ್ಯಾಗೂ ಐತಿ. ನಿಮ್ಮ ಓಣ್ಯಾಗ ಹೆಚ್ಚ ಐತಿ ಅನ್ನೂದು ಹೆಂಗ ಗೊತ್ತಾಗಬೇಕು?"

"ಹಂಗಾದ್ರ ಹವಾ ಅಳಸ್ರಿ," ಎಂದೆ. ದೊಡ್ಡ ಶಹರಗಳಲ್ಲಿ ಗಾಳಿಯೊಳಗಿನ ಧೂಳು ಹೊಗೆ ಅಳೆಯಲು ಈಗ ಯಂತ್ರ ಬಂದಿದೆ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. "ಯಂತ್ರ ತರಸ್ರಿ. ಅದು ಏನ್ ಹೇಳತೈತಿ ಕೇಳೂಣು."

ಅಧ್ಯಕ್ಷರ ಮುಖ ಅರಳಿತು. ಯಂತ್ರ ಎಂದರೆ ಮೇಲಿನವರಿಗೆ ಬರೆಯಬೇಕು. ಬರೆದರೆ ಅದು ಬರುವವರೆಗೆ ಯಾರೂ ಏನೂ ಮಾಡಬೇಕಾಗಿಲ್ಲ. ಸಭೆಯಲ್ಲಿ ಎಲ್ಲರೂ ಒಮ್ಮನಸ್ಸಿನಿಂದ ಕೈ ಎತ್ತಿದರು. ಯಂತ್ರ ತರಿಸುವುದು, ಅಳತೆ ಬರುವ ತನಕ ಕಸದ ಜಾಗದ ವಿಷಯವನ್ನು ಹಾಗೆಯೇ ಇಡುವುದು ಎಂದು ಠರಾವು ಆಯಿತು. ನಾವು ಗೆದ್ದೆವು ಎಂದುಕೊಂಡು ಮನೆಗೆ ಬಂದು ಉಪ್ಪಿಟ್ಟು ಮಾಡಿ ಓಣಿಗೆಲ್ಲ ಹಂಚಿದೆ. ನನ್ನಂಥ ಹುಚ್ಚಿ ಮತ್ತೊಬ್ಬಳಿಲ್ಲ.

ಆ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ನಾನು ಸಂತೆಗೆ ಹೋದಾಗಲೆಲ್ಲ ಪಂಚಾಯತಿಯ ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದೆ. ಕಾಗದ ತಾಲೂಕಿಗೆ ಹೋಗಿದೆ ಎನ್ನುತ್ತಿದ್ದರು, ಆಮೇಲೆ ಜಿಲ್ಲೆಗೆ ಹೋಗಿದೆ ಎಂದರು. ಮಗಳು ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತಳು. ಗಂಡನಿಗೆ ಪಾಳಿ ಮುಗಿಸಿ ಬಂದರೆ ಮಾತಾಡಲೂ ಶಕ್ತಿ ಇರುತ್ತಿರಲಿಲ್ಲ. "ಇಷ್ಟ ದಿನ ಕಾದೇವಿ, ಇನ್ನಾ ನಾಲ್ಕ ದಿನ ಕಾಯೂಣು," ಎನ್ನುತ್ತಿದ್ದರು. ಆ ನಾಲ್ಕು ದಿನ ಯಾವಾಗಲೂ ಮುಂದೆಯೇ ಇರುತ್ತಿತ್ತು.

ಕಡೆಗೊಂದು ದಿನ ಯಂತ್ರ ಬಂತು. ಜೀಪಿನಲ್ಲಿ ಜಿಲ್ಲೆಯಿಂದ ಒಬ್ಬರು ತಂದರು. ನೀವು ಕೇಳಿದ್ದು ಬಂದಿದೆ, ಆರತಿ ತಗೊಂಡು ಬನ್ನಿ ಎಂದು ಪಂಚಾಯತಿಯಿಂದ ನಮಗೇ ಕರೆ ಬಂತು. ಹೊಸ ಸೈಕಲ್ಲಿಗೂ ಕುಂಕುಮ ಹಚ್ಚುವ ಜನ ನಾವು, ಇದಕ್ಕೆ ಬಿಡುತ್ತೇವೆಯೇ? ಪಂಚಾಯತಿಯ ಅಂಗಳದಲ್ಲಿ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಅದರ ಮೇಲೆ ತಗಡಿನ ಉದ್ದ ಡಬ್ಬಿಯೊಂದನ್ನು ನಿಲ್ಲಿಸಿದ್ದರು. ಬಾಯಿಗೆ ಸೀಮೆಎಣ್ಣೆ ಹೊಯ್ಯುವ ಲಾಳಿಕೆಯಂಥದು ಕೂಡಿಸಿದ್ದರು. ಅಧ್ಯಕ್ಷರು ತೆಂಗಿನಕಾಯಿ ಒಡೆದರು. ನಾನು ಮನಸ್ಸು ತುಂಬಿ ಆರತಿ ಎತ್ತಿದೆ. ಆಮೇಲೆ ಜೀಪಿನಲ್ಲಿ ಬಂದವರನ್ನು ಕೇಳಿದೆ.

"ಇದರಾಗ ಹೊಗಿ ಹೆಂಗ ಹೋಗತೈತ್ರಿ?"

"ಹೊಗಿ ಯಾಕ್ರಿ ಹೋಗತೈತಿ?" ಎಂದರು ಅವರು. "ಇದು ಮಳಿ ಅಳಿಯೂದು."

ಸಿದ್ದಿ ಗೆಳತಿ ಡಬ್ಬಿಯ ಸುತ್ತ ಒಂದು ಸುತ್ತು ಬಂದು, "ಅಕ್ಕಾ, ಇದನ್ನ ನಮ್ಮ ಮನಿ ಸೋರೂ ಕಡೆ ಇಟ್ಟಿದ್ರ ಚಲೋ ಇತ್ತು," ಎಂದಳು.

ಆರತಿ ತಟ್ಟೆ ಹಿಡಿದುಕೊಂಡೇ ಒಳಗೆ ನುಗ್ಗಿ ಠರಾವು ಬರೆದ ಗುಮಾಸ್ತನನ್ನು ಹಿಡಿದೆ. ಏನು ಬರೆದಿದ್ದೀರಿ ಎಂದರೆ ಆತ ಹೆದರದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ನೀವು ಹವಾ ಅಂದ್ರಿ. ಬರೇ ಹವಾ ಅಂತ ಬರದ್ರ ಮ್ಯಾಲಿನವರು ನಗತಾರ, ಅಕ್ಕಾರ. ಅದಕ್ಕ ಹವಾಮಾನ ಅಂತ ಚಲೋತ್ನಾಗಿ ಬರದೆ."

ತಪ್ಪು ಆತನದೊಂದೇ ಅಲ್ಲ. ನಮ್ಮ ಬಾಯಿಯಲ್ಲಿ ಹವಾ ಎಂದರೆ ಎಲ್ಲವೂ ಹೌದು. ಮೋಡ ಕವಿದರೂ ಇವತ್ತಿನ ಹವಾ ಸರಿ ಇಲ್ಲ ಎನ್ನುತ್ತೇವೆ, ಸೈಕಲ್ ಟಯರಿಗೆ ತುಂಬುವುದೂ ಹವಾ, ಹೊಸ ಊರು ಒಗ್ಗದಿದ್ದರೆ ಅಲ್ಲಿನ ಹವಾ ನೀರು ಹಿಡಿಸಲಿಲ್ಲ ಎನ್ನುತ್ತೇವೆ. ಆದರೆ ನನ್ನ ಮಗಳ ಎದೆಯೊಳಗೆ ಹೋಗುತ್ತಿದ್ದ ಹವಾ ಯಾವುದು ಎಂಬುದು ಆ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಿಟಕಿಯಿಂದ ಹೊಗೆ ಕಾಣುತ್ತಿತ್ತು. ಅಂಥ ಕಡೆ ಕೂತು, ಅಂಥ ಠರಾವಿಗೆ ಯಾರೂ ಓದದೆ ಸಹಿ ಹಾಕಿದ್ದರು.

ಹೊಸದಾಗಿ ಬರೆಯಿರಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಂಡೆ. ಅವರು ಹೂವಿನ ಹಾರವನ್ನು ಇನ್ನೂ ಕೊರಳಿನಿಂದ ತೆಗೆದಿರಲಿಲ್ಲ.

"ಯಂತ್ರ ಕೇಳಿದ್ರಿ, ತರಸಿದ್ವಿ. ಠರಾವು ಪೂರಾ ಆತು. ಪೂರಾ ಆದ ಠರಾವಿನ ಮ್ಯಾಲೆ ಮತ್ತೊಂದು ಠರಾವು ಹೆಂಗ ಮಾಡೂದು, ನೀವಾ ಹೇಳ್ರಿ."

"ಅಳತಿ ಆಗೂ ತನಕ ಕಸದ ವಿಷಯ ಇಡೂದು ಅಂದಿದ್ರಿ. ಈಗೇನು?"

"ಅಳತಿ ಇವತ್ತಿನಿಂದ ಶುರು ಆತಲ್ರಿ. ನಡೀಲಿ."

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಕೈಯಿಂದಲೇ ಆರತಿ ಎತ್ತಿಸಿದರಲ್ಲ, ಅದು ಇನ್ನೂ ಚುಚ್ಚುತ್ತದೆ.

ಮುಂದಿನ ಮಳೆಗಾಲ ಶುರುವಾಗುವ ಮೊದಲು ಮಗಳಿಗೆ ಎಂದೂ ಬಾರದಷ್ಟು ದಮ್ಮು ಬಂತು. ತುಟಿ ನೀಲಿಯಾದವು. ದವಾಖಾನೆಯಲ್ಲಿ ಎರಡು ದಿನ ಇಟ್ಟುಕೊಂಡರು. ಸುದ್ದಿ ತಿಳಿದು ಚಿಗಳ್ಳಿಯಿಂದ ಅವ್ವ ಬಂದಳು. ಬಂದವಳೇ ಮೊಮ್ಮಗಳ ಅಂಗಿಗಳನ್ನು ಚೀಲಕ್ಕೆ ತುಂಬತೊಡಗಿದಳು. ನಾನೂ ತಡೆಯಲಿಲ್ಲ. ಸಿದ್ದಿ ಗೆಳತಿ ಬಾಗಿಲಲ್ಲಿ ನಿಂತು, "ಕಳಸು ಅಕ್ಕಾ. ನಿನಗ ತವರಮನಿ ಐತಿ," ಎಂದಳು. ಹಳ್ಳಿಯಲ್ಲಿ ಅವಳವರು ಎನ್ನುವವರು ಯಾರೂ ಇಲ್ಲದೆ, ಅವಳ ಮಕ್ಕಳಿಗೆ ಅಂಥದೊಂದು ಊರು ಉಳಿದಿರಲಿಲ್ಲ.

ಬಸ್ ನಿಲ್ದಾಣಕ್ಕೆ ಪಂಚಾಯತಿಯ ಮುಂದಿನಿಂದಲೇ ಹೋಗಬೇಕು. ಅಂಗಳದಲ್ಲಿ ಜವಾನ ಡಬ್ಬಿಯ ಒಳಗಿನ ಗಾಜಿನ ಪಾತ್ರೆಯನ್ನು ಹೊರಗೆ ತೆಗೆದು ನೋಡುತ್ತಿದ್ದ. ಮಗಳು ನಿಂತಳು.

"ಅದೇನವ್ವಾ?"

"ಹವಾ ಅಳಿಯೂ ಡಬ್ಬಿ," ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು.

"ಕಾಕಾ, ಇವತ್ತ ಎಷ್ಟೈತಿ?" ಎಂದು ಅವಳು ಜವಾನನನ್ನು ಕೇಳಿದಳು.

"ಏನೂ ಇಲ್ಲವಾ. ಸೊನ್ನಿ," ಎಂದ ಆತ.

ಅವಳು ನನ್ನ ಕೈ ಜಗ್ಗಿದಳು. "ಏನೂ ಇಲ್ಲಂತ. ಹಂಗಾದ್ರ ನಾ ಮನ್ಯಾಗ ಇರಲಿ?"

ಅವ್ವ ಅವಳನ್ನು ಎತ್ತಿಕೊಂಡು ಮುಂದೆ ನಡೆದಳು. ಹಳಿಯಾಳದಲ್ಲಿ ಬಸ್ಸು ಬದಲಿಸಬೇಕಿತ್ತು, ತಡವಾಗಿತ್ತು.

ಅವರನ್ನು ಬಸ್ಸಿಗೆ ಹತ್ತಿಸಿ ನಾನು ಮನೆಗೆ ಹೋಗಲಿಲ್ಲ. ನೇರವಾಗಿ ಗುಡ್ಡೆಗೆ ಹೋಗಿ, ಸೆರಗಿನಲ್ಲಿ ಕರಿ ಬೂದಿ ಕಟ್ಟಿಕೊಂಡು ಬಂದು, ಹಾಡುಹಗಲೇ ಎಲ್ಲರ ಎದುರಿಗೆ ಆ ಡಬ್ಬಿಯ ಬಾಯಿಗೆ ಸುರಿದೆ. ಲಾಳಿಕೆ ತುಂಬಿ ಹೊರಗೆ ಚೆಲ್ಲುವ ತನಕ ಸುರಿದೆ. ಜವಾನ ನೋಡುತ್ತಾ ನಿಂತಿದ್ದ, ತಡೆಯಲಿಲ್ಲ. ಅಷ್ಟು ಸಮಾಧಾನ ನನಗೆ ಆ ಊರಿನಲ್ಲಿ ಇನ್ನಾವತ್ತೂ ಆಗಿಲ್ಲ.

ಪಂಚಾಯತಿಗೆ ಕೈಕಾಲು ಇವೆ ಎಂದು ಗೊತ್ತಾದದ್ದು ಆಗಲೇ. ತುರ್ತು ಸಭೆ ಕರೆದರು. ಸರಕಾರಿ ಯಂತ್ರಕ್ಕೆ ಬೂದಿ ಬಿದ್ದರೆ ಅಳತೆ ಕೆಡುತ್ತದೆ ಎಂದು ಅದರ ಸುತ್ತ ತಂತಿಬೇಲಿ ಹಾಕಲು ಠರಾವು ಮಾಡಿದರು. ಆ ವಾರವೇ ಕಂಬ ನೆಟ್ಟು, ತಂತಿ ಬಿಗಿದು, ಸಣ್ಣ ಬಾಗಿಲಿಗೆ ಬೀಗವನ್ನೂ ಹಾಕಿದರು. ಯಾರಿಗೂ ಬರೆಯಬೇಕಾಗಲಿಲ್ಲ, ಯಾವ ಕಾಗದವೂ ಜಿಲ್ಲೆಗೆ ಹೋಗಲಿಲ್ಲ. ಬೇಲಿಯ ಆಚೆ ಗುಡ್ಡೆ ತನ್ನ ಪಾಡಿಗೆ ಹೊಗೆಯಾಡುತ್ತಿತ್ತು.

ಮಗಳು ಚಿಗಳ್ಳಿಯ ಶಾಲೆಗೆ ಸೇರಿದಳು. ಗದ್ದೆಯ ಬದುವಿನ ಮೇಲೆ ಓಡುತ್ತಾಳೆ, ಉಸಿರು ಹಿಡಿಯುವುದಿಲ್ಲ ಎಂದು ಅವ್ವ ಹೇಳಿ ಕಳಿಸುತ್ತಿದ್ದಳು. ದಸರೆ ರಜೆಗೆ ಕರೆತಂದೆವು. ಕೆನ್ನೆ ತುಂಬಿತ್ತು. ಬಂದ ಮರುದಿನದಿಂದಲೇ ಕೆಮ್ಮು ಹತ್ತಿತು. ರಜೆ ಇನ್ನೂ ಉಳಿದಿತ್ತು, ನಾನು ಅವಳಿಗೆಂದು ಕರದಂಟು ಮಾಡಲು ಬೆಲ್ಲ ಕಾಯಿಸುತ್ತಿದ್ದೆ. ಅವಳು ತಾನೇ ತನ್ನ ಚೀಲ ತಂದು ಅಡಿಗೆಮನೆಯ ಬಾಗಿಲಲ್ಲಿಟ್ಟಳು. ಮುನಿಸೇನೂ ಇರಲಿಲ್ಲ ಮುಖದಲ್ಲಿ. ಬಂದ ಮನೆಯವರಿಗೆ ಬೇಜಾರಾಗದಂತೆ ನೆಂಟರು ಹೇಳುತ್ತಾರಲ್ಲ, ಹಾಗೆ ಮೆಲ್ಲಗೆ ಹೇಳಿದಳು.

"ಅವ್ವಾ, ನಾ ಇನ್ನ ನಮ್ಮೂರಿಗೆ ಹೋಗ್ತೇನಿ."