ಸುಮ್ಮನೆ ಕೂರುವ ಎರಡು ದಿನ

ಇಪ್ಪತ್ತೆರಡು ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಆ ಮೆಕ್ಯಾನಿಕ್ಕಿಗೆ ಮಕ್ಕಳು ಇಟ್ಟ ಹೆಸರು ಲಿಫ್ಟಪ್ಪ. ಹೆಸರಿನ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಇದ್ದಬದ್ದ ಬೇಸರವೆಲ್ಲ ಕಟ್ಟಡಗಳ ಸೆಕ್ರೆಟರಿಗಳ ಮೇಲೆ. ತಿಂಗಳಿಗೊಂದು ದಿನ ಲಿಫ್ಟನ್ನು ಪೂರ್ತಿ ನಿಲ್ಲಿಸಿ ಹಗ್ಗ, ಬ್ರೇಕು, ಬಾಗಿಲು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ನೋಡಲೇಬೇಕು ಎಂಬುದು ಅವನ ಹಟ. ಅದಕ್ಕೆ ಒಂದು ದಿನದ ಕೂಲಿ. ಬಿಲ್ಲು ಕೈಗೆ ಬಂದದ್ದೇ ತಡ, ಇಪ್ಪತ್ತೆರಡು ಸೆಕ್ರೆಟರಿಗಳೂ ಒಂದೇ ರಾಗ ಎಳೆಯುತ್ತಿದ್ದರು.

"ಅಲ್ಲ ಸ್ವಾಮಿ, ಲಿಫ್ಟು ಓಡಿದ ದಿನಕ್ಕೆ ದುಡ್ಡು ಕೇಳಿ, ಕೊಡ್ತೀವಿ. ಸುಮ್ನೆ ನಿಂತ ದಿನಕ್ಕೂ ಕೊಡ್ಬೇಕಾ?"

"ಆ ದಿನ ನಿಲ್ಸೋದ್ರಿಂದಲೇ ಮಿಕ್ಕ ದಿನ ಓಡೋದು. ನೀವು ನಿಲ್ಸದಿದ್ರೆ ಒಂದಿನ ಅದೇ ನಿಲ್ಲತ್ತೆ. ಆಗ ಒಳಗೆ ನೀವೇ ಇರ್ತೀರ, ನೋಡ್ತಿರಿ," ಎಂದು ಅವನು ಸ್ಪ್ಯಾನರನ್ನು ಅವರ ಮೂಗಿನ ಮುಂದೆ ಆಡಿಸುತ್ತಿದ್ದ.

ಇಪ್ಪತ್ತೇಳು ವರ್ಷ ಇದೇ ಮಾತನ್ನು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಅಂಥವನು ತನ್ನ ಸರದಿ ಬಂದಾಗ ಏನು ಮಾಡಿದ ಎಂದು ನೆನೆದರೆ ಇಂದಿಗೂ ಅವನಿಗೇ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅವನಿಗೊಂದು ಆಸೆ ಇತ್ತು. ಒಂದು ಹಳೆಯ ಕಟ್ಟಡದ ತಾರಸಿಯಲ್ಲಿ ಲಿಫ್ಟಿನ ಮೋಟಾರು ಕೋಣೆಯ ಗೋಡೆಗೆ ಯಾರೋ ಒಂದು ಕ್ಯಾಲೆಂಡರ್ ತಗುಲಿಹಾಕಿ ಹೋಗಿದ್ದರು. ಅದರಲ್ಲಿ ಎರಡು ಶಿಖರಗಳ ನಡುವೆ ಒಂದು ಹಿಮದ ಓಣಿ, ಆ ಓಣಿಯಲ್ಲಿ ಸಾಲಾಗಿ ನಾಲ್ಕೈದು ಜನ. ಐದು ಸಾವಿರ ಮೀಟರ್ ಎತ್ತರ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ವರ್ಷ ಮುಗಿದರೂ ಅವನು ಆ ಪುಟ ಮಗುಚಲಿಲ್ಲ. ಗ್ರೀಸು ಹತ್ತಿದ ಕೈ ಒರೆಸಿಕೊಳ್ಳುತ್ತಾ ದಿನವೂ ಅದನ್ನು ನೋಡುತ್ತಿದ್ದ. ಜೀವಮಾನವೆಲ್ಲ ಬೇರೆಯವರನ್ನು ಮೇಲಕ್ಕೆ ಕಳಿಸಿದ್ದಾಯಿತು, ಒಂದು ಸಲ ತಾನೂ ಹೋಗಬೇಕು, ಅದೂ ಕಾಲ ಮೇಲೆ ನಡೆದು, ಅನ್ನುವುದು ಅವನ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ.

ಮೊದಲ ಸಲ ಲೆಕ್ಕ ಹಾಕಿ ದುಡ್ಡು ಕೂಡಿಟ್ಟದ್ದು ಹನ್ನೊಂದು ವರ್ಷದ ಹಿಂದೆ. ಅದು ಮನೆಯ ಸೋರುವ ಚಾವಣಿಗೆ ಹೋಯಿತು. ಎರಡನೆಯ ಸಲದ್ದು ಅಕ್ಕನ ಹಲ್ಲಿನ ಸೆಟ್ಟಿಗೆ. ಅಕ್ಕ ಅದನ್ನು ಕೇಳಿದ ರೀತಿಗೆ ಇಲ್ಲ ಎನ್ನುವಂತಿರಲಿಲ್ಲ.

"ನಿನ್ನ ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಕಣೋ. ನನ್ನ ಹಲ್ಲು ನೋಡು, ಆಗಲೇ ಹೋಯ್ತು!"

ಕೊಟ್ಟ. ಮೂರನೆಯ ಸಲ ದುಡ್ಡು ಕೂಡುವ ಹೊತ್ತಿಗೆ ಟ್ರೆಕ್ಕಿಂಗಿನವರು ದರ ಏರಿಸಿ ಕೂತಿದ್ದರು. ಅವನು ಮೂರು ಹೆಜ್ಜೆ ಹಾಕಿದರೆ ದರ ನಾಲ್ಕು ಹಾಕುತ್ತಿತ್ತು. ಹೀಗೇ ಐವತ್ತೊಂಬತ್ತಾಯಿತು. ಅರವತ್ತು ದಾಟಿದವರನ್ನು ಅವರು ಒಯ್ಯುವುದಿಲ್ಲ, ಓಣಿ ತೆರೆದಿರುವುದು ವರ್ಷಕ್ಕೆ ಆರು ವಾರ. ಈ ಸಲ ತಪ್ಪಿದರೆ ಕ್ಯಾಲೆಂಡರೇ ಗತಿ.

ನಾಲ್ಕನೆಯ ಲೆಕ್ಕವನ್ನು ಅವನು ಊಟದ ಮೇಜಿನ ಮೇಲೆ ಒಂದು ಉದ್ದ ಹಾಳೆಯಲ್ಲಿ ಬರೆದ. ರೈಲು, ಬಸ್ಸು, ಪರವಾನಗಿ, ಬೂಟು, ಕೈಗವಸು, ವಿಮೆ, ಔಷಧಿ. ಬೂಟಿನ ಮುಂದೆ ಬರೆದ ಮೊತ್ತ ನೋಡಿ ತಾನೇ ಬೆಚ್ಚಿ, ಹೊಸದು ಹೊಡೆದು ಹಾಕಿ "ಸೆಕೆಂಡ್ ಹ್ಯಾಂಡ್" ಎಂದು ತಿದ್ದಿದ. ಮಲಗುವ ಚೀಲ ಬಾಡಿಗೆಗೆ. ಜಾಕೆಟ್ಟನ್ನು ಭಾವಮೈದುನನಿಂದ ತಂದ. ತೋಳು ಒಂದು ಗೇಣು ಉದ್ದ, ಮಡಚಿಕೊಂಡರಾಯಿತು. ಇಷ್ಟೆಲ್ಲ ಹಿಂಡಿದರೂ ಕೂಡಿಟ್ಟದ್ದಕ್ಕಿಂತ ಹನ್ನೊಂದು ಸಾವಿರ ಹೆಚ್ಚಿಗೆ ನಿಂತಿತ್ತು. ಹಾಳೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದ. ಕೊನೆಗೆ ಕಣ್ಣು ಒಂದು ಸಾಲಿನ ಮೇಲೆ ನಿಂತಿತು: ವಿಶ್ರಾಂತಿ, ಎರಡು ದಿನ, ಹನ್ನೊಂದು ಸಾವಿರ.

ಟ್ರೆಕ್ಕಿಂಗಿನವರು ಎರಡು ಥರದ ಪ್ರವಾಸ ಇಟ್ಟಿದ್ದರು. ಒಂದು ಹದಿನಾರು ದಿನದ್ದು, ಒಂದು ಹದಿನಾಲ್ಕರದ್ದು. ದಾರಿ ಅದೇ, ಓಣಿ ಅದೇ. ಹದಿನಾರರಲ್ಲಿ ಎರಡು ದಿನ ಎಲ್ಲೂ ನಡೆಯುವುದಿಲ್ಲ. ಎತ್ತರದ ತೆಳು ಗಾಳಿಗೆ ಮೈ ಹೊಂದಿಕೊಳ್ಳಲಿ ಎಂದು ಇದ್ದಲ್ಲೇ ಕೂರುವುದು. ಹದಿನಾಲ್ಕರದ್ದು ಎತ್ತರದ ಅನುಭವ ಇದ್ದವರಿಗೆ ಮಾತ್ರ ಎಂದು ಕಚೇರಿಯ ಹುಡುಗಿ ಹೇಳಿದ್ದಳು.

ಲಿಫ್ಟಪ್ಪ ಕೆಂಪು ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಬರ್ರೆಂದು ಗೀಟು ಎಳೆದ.

ಎದುರಿಗೆ ಕೂತಿದ್ದ ಹೆಂಡತಿ ತಲೆ ಎತ್ತಿದಳು. ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಕೈಗೆ ಸಿಕ್ಕ ಕಾಗದವನ್ನೆಲ್ಲ ತಿದ್ದದೆ ಬಿಡುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ತೂರಿಸಿಹೋದ ಜಾಹೀರಾತಿನ ಚೀಟಿಗೂ ಅವಳ ಪೆನ್ಸಿಲ್ಲಿನಿಂದ ಬಿಡುಗಡೆ ಇರಲಿಲ್ಲ.

"ಅದನ್ಯಾಕೆ ಹೊಡೆದ್ರಿ?"

"ಮತ್ತೇನು? ಸುಮ್ನೆ ಕೂತ್ಕೊಳ್ಳೋಕೆ ಹನ್ನೊಂದು ಸಾವಿರವಾ? ಕೂರೋದಾದ್ರೆ ಇಲ್ಲೇ ಕೂರ್ತೀನಿ, ಬಿಟ್ಟಿ."

"ಅವರು ಸುಮ್ ಸುಮ್ನೆ ಇಟ್ಟಿರ್ತಾರಾ?"

"ದುಡ್ಡು ಕೀಳೋಕೆ ಇಟ್ಟಿರ್ತಾರೆ. ನಾನು ದಿನಾ ಹನ್ನೊಂದು ಮಹಡಿ ಮೆಟ್ಟಿಲು ಹತ್ತೋನು ಕಣೇ."

ಅದು ಸುಳ್ಳಲ್ಲ. ಎರಡು ವರ್ಷದಿಂದ ಅವನು ತಾನೇ ರಿಪೇರಿ ಮಾಡಿದ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದ. ಬೆನ್ನ ಚೀಲದಲ್ಲಿ ಸವೆದ ಬ್ರೇಕು, ಹಳೆಯ ರಾಟೆ ಎಲ್ಲ ತುಂಬಿ ಹನ್ನೆರಡು ಕಿಲೋ ಹೊರುತ್ತಿದ್ದ. ಕಚೇರಿಯ ಅರ್ಜಿಯಲ್ಲಿ "ಅನುಭವ" ಅನ್ನುವ ಕಡೆ "ಇದೆ" ಎಂದು ಬರೆದದ್ದು ಈ ಧೈರ್ಯದಲ್ಲೇ. ಮಹಡಿಯ ಅನುಭವ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ, ಅಷ್ಟೆ.

ದುಡ್ಡು ಕಟ್ಟಲು ಹೊರಟ ದಿನ ಹೆಂಡತಿ ಮತ್ತೆ ಹೇಳಿದಳು. ಚೀಲ ಕಟ್ಟುವ ದಿನ ಮೂರನೆಯ ಸಲ ಹೇಳಿದಳು. ಅವನಿಗೆ ರೇಗಿಹೋಯಿತು.

"ನೀನು ನಿನ್ನ ಕರಡು ತಿದ್ಕೋ. ನನ್ನ ಬೆಟ್ಟ ತಿದ್ದೋಕೆ ಬರಬೇಡ!"

ಅವಳು ಕರಡಿನ ಕಡೆ ತಿರುಗಿದಳು. ಹಾಳೆಯನ್ನು ಮೇಜಿನ ಖಾನೆಗೆ ತುರುಕುವಾಗ, ಆ ಕೆಂಪು ಗೀಟಿನ ಕೆಳಗೆ ಪೆನ್ಸಿಲ್ಲಿನ ಸಣ್ಣ ಚುಕ್ಕಿಗಳ ಸಾಲೊಂದು ಅವನ ಕಣ್ಣಿಗೆ ಬಿತ್ತು. ಪೆನ್ಸಿಲ್ ಚೂಪಾಗಿದೆಯೋ ಇಲ್ಲವೋ ಎಂದು ಇವಳು ನೋಡಿಕೊಂಡಿರಬೇಕು, ಅದಕ್ಕೂ ನನ್ನ ಹಾಳೆಯೇ ಬೇಕಿತ್ತೇ ಎಂದುಕೊಂಡು ಖಾನೆ ಮುಚ್ಚಿದ.

ಎರಡೂ ಗುಂಪು ಒಂದೇ ಬಸ್ಸಿನಲ್ಲಿ ಹೊರಟವು. ಅವನ ಪಕ್ಕದ ಸೀಟಿನಲ್ಲಿ ಹದಿನಾರು ದಿನದ ಗುಂಪಿನ ಹೆಂಗಸೊಬ್ಬಳು. ಅಂಚೆ ಕಚೇರಿಯಲ್ಲಿ ಗುಮಾಸ್ತೆ, ಐವತ್ತೆಂಟರ ವಯಸ್ಸು, ತುಂಬಿದ ಮೈ. ಬಸ್ಸಿನ ಮೂರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿದ್ದಳು. ಇವಳು ಓಣಿ ದಾಟಿದ ಹಾಗೇ ಇದೆ ಎಂದು ಲಿಫ್ಟಪ್ಪ ಒಳಗೊಳಗೇ ನಕ್ಕ. ನಡಿಗೆಯ ಮೊದಲ ಮೂರು ದಿನ ಅವನು ಎಲ್ಲರಿಗಿಂತ ಮುಂದೆ. ಅವನ ಗುಂಪಿನ ಗೈಡು, ಇಪ್ಪತ್ತಾರು ವರ್ಷದ ಗಟ್ಟಿ ಹುಡುಗಿ, "ಅಪ್ಪಾಜಿ, ನಿಧಾನ, ನಿಧಾನ" ಎನ್ನುತ್ತಲೇ ಇದ್ದಳು. ಇಂಥ ನಿಧಾನದ ಮಾತು ಕೇಳಿದರೆ ಅವನ ಕಾಲು ಇನ್ನೂ ಚುರುಕಾಗುತ್ತಿತ್ತು.

ನಾಲ್ಕನೆಯ ದಿನ ಒಂದು ಪುಟ್ಟ ಹಳ್ಳಿ ಸಿಕ್ಕಿತು. ಕಲ್ಲಿನ ಮನೆಗಳು, ಒಂದು ಅಂಗಳ, ಅಂಗಳದಲ್ಲಿ ಬೆಂಚುಗಳು. ಅಲ್ಲೇ ಅವನಿಗೆ ತಲೆನೋವು ಶುರುವಾಯಿತು. ಯಾರಿಗೂ ಹೇಳದೆ ಎರಡು ಮಾತ್ರೆ ನುಂಗಿದ. ಬೆಳಿಗ್ಗೆ ಹದಿನಾರರ ಗುಂಪು ಕಂಬಳಿಯೊಳಗೆ ಬಿದ್ದುಕೊಂಡಿತ್ತು, ಅವರಿಗೆ ಅವತ್ತು ಕೂರುವ ದಿನ, ಎರಡನೆಯದು ಇನ್ನೂ ಮೇಲೆ. ಲಿಫ್ಟಪ್ಪನ ಗುಂಪಿನ ಐದು ಜನ ಹೊರಟರು.

ಮಧ್ಯಾಹ್ನ ಮೇಲಿನ ಡೇರೆಗಳನ್ನು ಮುಟ್ಟುವ ಹೊತ್ತಿಗೆ ಅವನು ಎರಡು ಸಲ ವಾಂತಿ ಮಾಡಿದ್ದ. ತಲೆಯೊಳಗೆ ಯಾರೋ ಸುತ್ತಿಗೆ ಆಡಿಸುತ್ತಿದ್ದರು. ಗೈಡು ಅವನ ಮುಖ ನೋಡಿ, ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದಳು.

"ಇದರ ಮೇಲೆ ನಡೀರಿ ಅಪ್ಪಾಜಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ಮುಟ್ಟಿಸಿ."

ಹನ್ನೊಂದು ಮಹಡಿ ಉದ್ದದ ಲಿಫ್ಟಿನ ಕಂಬಿಯನ್ನು ತೂಗುಗುಂಡು ಇಳಿಬಿಟ್ಟು ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ನಿಲ್ಲಿಸುವವನು ಅವನು. ನಾಲ್ಕು ಹೆಜ್ಜೆಯಲ್ಲಿ ಗೆರೆ ಬಿಟ್ಟು ಪಕ್ಕಕ್ಕೆ ವಾಲಿದ.

"ಇಳೀಬೇಕು. ಈಗಲೇ," ಅಂದಳು ಅವಳು.

"ಇಲ್ಲಮ್ಮ, ಇಲ್ಲೇ ಒಂದು ದಿನ ಕೂತಿರ್ತೀನಿ. ಸರಿಹೋಗತ್ತೆ. ಒಂದೇ ಒಂದು ದಿನ."

"ಈಗ ಇಲ್ಲಿ ಕೂತ್ರೆ ಜೀವಕ್ಕೇ ಅಪಾಯ. ಕೂರಬೇಕಾಗಿದ್ದು ಕೆಳಗೆ, ತಲೆನೋವು ಶುರುವಾದಾಗ. ನೀವು ಯಾಕೆ ಹೇಳ್ಲಿಲ್ಲ?"

ಅವನು ಬೇಡಿಕೊಂಡ, ರೇಗಿದ, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡ. ಹನ್ನೊಂದು ವರ್ಷ ಎಂದ. ಚಾವಣಿ, ಅಕ್ಕನ ಹಲ್ಲು ಎಲ್ಲ ಹೇಳಿದ. ಹುಡುಗಿಗೆ ಹಲ್ಲಿನ ವಿಷಯ ಅರ್ಥವಾಗದಿದ್ದರೂ ಕಣ್ಣೀರು ಅರ್ಥವಾಯಿತು. ಆದರೂ ಅವಳು ಕದಲಲಿಲ್ಲ. ಒಂದು ಹೇಸರಗತ್ತೆ ಗೊತ್ತುಮಾಡಿ, ಅದರ ಮಾಲೀಕನ ಜೊತೆ ಇಳಿಸಿದಳು. ಹೇಸರಗತ್ತೆಗೆ, ಮಾಲೀಕನಿಗೆ, ಕೆಳಗೆ ತಂಗುವುದಕ್ಕೆ ಎಲ್ಲ ಸೇರಿ ಸಾಲದ ಲೆಕ್ಕದಲ್ಲಿ ಹದಿನಾಲ್ಕು ಸಾವಿರ. ಹೊಡೆದುಹಾಕಿ ಉಳಿಸಿದ್ದಕ್ಕಿಂತ ಮೂರು ಸಾವಿರ ಹೆಚ್ಚು! ಆ ತಲೆನೋವಿನಲ್ಲೂ ಅವನಿಗೆ ಈ ಕಳೆಯುವ ಲೆಕ್ಕ ಮಾತ್ರ ತಪ್ಪಲಿಲ್ಲ.

ಹಳ್ಳಿಯ ಅಂಗಳದಲ್ಲಿ ಇಳಿಬಿಸಿಲು ಇನ್ನೂ ಇತ್ತು. ಹದಿನಾರರ ಗುಂಪು ಬೆಂಚುಗಳ ಮೇಲೆ ಕಾಲು ಚಾಚಿ ಕೂತಿತ್ತು. ಯಾರೂ ಏನೂ ಮಾಡುತ್ತಿರಲಿಲ್ಲ. ಒಗೆದ ಕಾಲುಚೀಲಗಳು ಕಲ್ಲಿನ ಮೇಲೆ ಒಣಗುತ್ತಿದ್ದವು. ಒಬ್ಬ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಅಂಚೆಯ ಗುಮಾಸ್ತೆ ಎರಡೂ ಕೈಯಲ್ಲಿ ಚಹದ ಲೋಟ ಹಿಡಿದು ಗೋಡೆಗೆ ಒರಗಿದ್ದಳು. ಹೇಸರಗತ್ತೆಯ ಮೇಲೆ ಬಾಗಿಕೊಂಡಿದ್ದ ಅವನನ್ನು ಕಂಡು ಅಚ್ಚರಿಪಟ್ಟಳು.

"ಏನ್ರೀ, ಏನಾದ್ರೂ ಮರೆತುಬಂದ್ರಾ?"

ಇಪ್ಪತ್ತೆರಡು ಸೆಕ್ರೆಟರಿಗಳಿಗೆ ಇಪ್ಪತ್ತೇಳು ವರ್ಷ ಉತ್ತರ ಕೊಟ್ಟ ಬಾಯಿ ಅದು. ಅವತ್ತು "ಹೂಂ" ಎಂದಷ್ಟೇ ಹೇಳಿತು.

ಬೆಳಿಗ್ಗೆ ನೋವು ಅರ್ಧ ಇಳಿದಿತ್ತು. ಅವನು ಓಡೋಡಿ ಹದಿನಾರರ ಗುಂಪಿನ ಗೈಡಿನ ಮುಂದೆ ನಿಂತ. "ಆ ಹನ್ನೊಂದು ಸಾವಿರ ಹೇಗಾದ್ರೂ ಹೊಂದಿಸಿ ಕೊಡ್ತೀನಿ. ನನ್ನನ್ನೂ ಸೇರಿಸ್ಕೊಳ್ಳಿ."

"ನಿನ್ನೆ ವಾಲಾಡಿದವರನ್ನ ಇವತ್ತು ಹೇಗೆ ಕರ್ಕೊಂಡು ಹೋಗ್ಲಿ ಯಜಮಾನ್ರೇ? ಅದೂ ಅಲ್ದೆ ಡೇರೆ, ಊಟ, ಪರವಾನಗಿ ಎಲ್ಲ ತಲೆ ಎಣಿಸಿ ತಂದಿರ್ತೀವಿ. ಅದನ್ನ ಆಫೀಸಲ್ಲೇ ಕಟ್ಟಬೇಕಿತ್ತು."

ಅವರು ಹೋದರು. ಮಧ್ಯಾಹ್ನದ ಹೊತ್ತಿಗೆ, ನೋಡಿ ಇದರ ಚಂದ, ಅವನ ತಲೆನೋವು ಪೂರ್ತಿ ಬಿಟ್ಟುಹೋಯಿತು. ಕಣ್ಣು ತಿಳಿಯಾಯಿತು, ಹೊಟ್ಟೆ ಹಸಿಯಿತು, ಕಾಲು ನಡೆಯುತ್ತೇನೆ ಎಂದಿತು. ಅವನು ಅದೇ ಬೆಂಚಿನ ಮೇಲೆ ಕೂತು ದೂರದ ಏರಿನಲ್ಲಿ ಸಾಲಾಗಿ ಹೋಗುತ್ತಿದ್ದವರನ್ನು ನೋಡಿದ. ಕೊನೆಯಲ್ಲಿ ಒಂದು ದಪ್ಪ ಆಕೃತಿ ನಿಂತು ನಿಂತು ನಡೆಯುತ್ತಿತ್ತು. ಅವನಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಭಾವಮೈದುನನ ಜಾಕೆಟ್ಟು ಕಿತ್ತು ನೆಲಕ್ಕೆ ಬಡಿದ. ಆಮೇಲೆ ಚಳಿಯಾಗಿ, ಧೂಳು ಕೊಡವಿ ಮತ್ತೆ ಹಾಕಿಕೊಂಡ.

ಊರಿಗೆ ಬಂದ ಮೇಲೆ ಮೆಟ್ಟಿಲು ಮೆಟ್ಟಿಲಿಗೂ ಒಂದೇ ಪ್ರಶ್ನೆ. ಹತ್ತಿದ್ರಾ? ಹಿಮ ಹೇಗಿತ್ತು? ಮಕ್ಕಳಂತೂ ಲಿಫ್ಟಪ್ಪ, ಲಿಫ್ಟಪ್ಪ ಎಂದು ಬೆನ್ನು ಬಿದ್ದರು. ಅವನು ಮೊದಲ ಬಾರಿಗೆ ಆ ಹೆಸರಿಗೆ ಬೇಸರಿಸಿಕೊಂಡ. ತಿಂಗಳ ಕೊನೆಯಲ್ಲಿ ಒಬ್ಬ ಸೆಕ್ರೆಟರಿ ಬಿಲ್ಲು ಹಿಡಿದು ಬಂದ.

"ಈ ನಿಂತ ದಿನದ್ದು ಹೊಡೆದುಹಾಕೋಣ್ವಾ?"

ಲಿಫ್ಟಪ್ಪ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಇಳಿದುಬಂದ. ಅವತ್ತು ಲಿಫ್ಟಿನಲ್ಲೇ ಇಳಿದ.

ಕೆಲವು ವಾರ ಕಳೆದು ಅಂಚೆಯ ಗುಮಾಸ್ತೆಯಿಂದ ಒಂದು ಫೋಟೋ ಬಂತು. ಹಿಮದ ಓಣಿಯ ನಡುವೆ ನಿಂತು, ಕೆಂಪಗೆ ಊದಿದ ಮುಖ ಹಿಗ್ಗಿಸಿ ನಗುತ್ತಿದ್ದಳು. ಅದನ್ನು ನೋಡಿದ ಮೇಲೆ ಅವನು ಮೇಜಿನ ಖಾನೆ ಎಳೆದು ಆ ಹಾಳೆಯನ್ನು ಹರಿಯಲೆಂದೇ ತೆಗೆದ. ಕೆಂಪು ಗೀಟಿನ ಕೆಳಗೆ ಆ ಚುಕ್ಕಿಗಳು ಹಾಗೇ ಇದ್ದವು. ಹೆಂಡತಿ ಎದುರಿಗೆ ಕೂತು ಕರಡು ತಿದ್ದುತ್ತಿದ್ದಳು. ಅವಳ ಮುಂದಿನ ಕರಡಿನಲ್ಲೂ, ಹೊಡೆದುಹಾಕಿದ ಒಂದು ಸಾಲಿನ ಕೆಳಗೆ, ಅಂಥವೇ ಚುಕ್ಕಿಗಳು.

"ಇದೇನಿದು?" ಎಂದ.

"ಹೊಡೆದಿದ್ದು ತಪ್ಪು ಅಂತ ಗೊತ್ತಾದ್ರೆ ಕೆಳಗೆ ಚುಕ್ಕಿ ಹಾಕ್ತೀವಿ. ಇದ್ದ ಹಾಗೇ ಇರಲಿ ಅಂತ. ಅಚ್ಚು ಜೋಡಿಸೋರಿಗೆ ಅರ್ಥ ಆಗತ್ತೆ."

ಅವನು ತನ್ನ ಹಾಳೆಯನ್ನು ಅವಳ ಕಡೆ ತಿರುಗಿಸಿದ. "ಇದನ್ನ ಯಾವಾಗ ಹಾಕಿದ್ದು?"

"ನೀವು ಹೊಡೆದ ದಿನವೇ."

"ನಾನು ಲಿಫ್ಟಿನವನು! ನನಗೆ ಹೇಗೆ ಅರ್ಥ ಆಗಬೇಕು? ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಮೂರು ಸಲ ಹೇಳಿದೆ," ಅಂದಳು ಅವಳು. ಧ್ವನಿ ಏರಿಸಲಿಲ್ಲ, ಆದರೆ ಪೆನ್ಸಿಲ್ಲನ್ನು ಮೇಜಿನ ಮೇಲೆ ಕುಕ್ಕಿದಳು. "ಮೂರನೇ ಸಲ ನೀವೇನಂದ್ರಿ, ನೆನಪಿದೆಯಾ?"

ನೆನಪಿತ್ತು. ಅಕ್ಷರ ಅಕ್ಷರವೂ ನೆನಪಿತ್ತು.

ಅವಳು ರಬ್ಬರು ತೆಗೆದುಕೊಂಡು ಹಾಳೆಯ ಕಡೆ ಕೈ ಚಾಚಿದಳು. "ಇನ್ಯಾಕೆ ಇದು. ಅಳಿಸಿಬಿಡ್ಲಾ?"

"ಬೇಡ," ಎಂದು ಅವನು ಹಾಳೆಯ ಮೇಲೆ ಅಂಗೈ ಇಟ್ಟ. "ಇರಲಿ."