ಕೆಡವಲಿಲ್ಲ, ಇಳಿಸಿದರು

ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಸಿದರೆ ಒಂದು ವಾಸನೆ ಏಳುತ್ತದೆ. ಮೂಗಿಗೆ ಹಿತವಲ್ಲ, ಮೈಗೆ ಹಿತ. ಹೋದ ವಾರ ಮೊಮ್ಮಗಳ ಮೊಣಕಾಲಿಗೆ ತಿಕ್ಕಲೆಂದು ಅದನ್ನು ಕಾಸುತ್ತಿದ್ದೆ. ಬೆಳ್ಳುಳ್ಳಿ ಕೆಂಪಗಾಗುತ್ತಿದ್ದ ಹಾಗೆ ಬೆಟಗೇರಿಯ ನನ್ನ ತವರಿನ ಓಣಿ, ಪಕ್ಕದ ಮನೆಯ ಹಮಾಲ ಕಾಕಾ, ಕಾಕಿ... ಎಲ್ಲರೂ ಬಂದು ಒಲೆಯ ಮುಂದೆ ಕುಳಿತಂತಾಯಿತು.

ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ನನ್ನನ್ನು ಬರೆಯಲು ಬಿಡುವುದಿಲ್ಲ. ಮೊಮ್ಮಗಳು ಸೈಕಲ್ ರೇಸಿನ ಹುಡುಗಿ. ಗದಗಿನಿಂದ ಹುಲಕೋಟಿ ರಸ್ತೆಯಲ್ಲಿ ರೇಸ್ ಇತ್ತು. ಎರಡನೆಯವಳಾಗಿ ಸಾಗುತ್ತಿದ್ದವಳಿಗೆ ಬಿಂಕದಕಟ್ಟಿಯ ಹತ್ತಿರ ಮೊಣಕಾಲಿನೊಳಗೆ ಏನೋ ಹರಿದಂತಾಯಿತಂತೆ. ಸೈಕಲ್ ನಿಲ್ಲಿಸಿ ಇಳಿದುಬಿಟ್ಟಳು. ಆ ಸುದ್ದಿ ಕೇಳಿದ ನಾನು ಇಡೀ ಓಣಿಗೆ ಪೇಡೆ ಹಂಚಿದೆ.

"ಬಂಗಾರದ ಪದಕ ಬಂತೇನಬೇ ಅಜ್ಜಿ?" ಎಂದಳು ಎದುರು ಮನೆಯ ಸೊಸೆ.

"ಇಲ್ಲವಾ, ನಡುವ ಇಳದ ಬಂದಾಳ!"

"ಅದಕ್ಕ ಪೇಡೇನ?"

"ಅದಕ್ಕ ಎರಡ ಪೇಡೆ. ತಗೋ."

ಅವಳು ನನ್ನ ತಲೆ ಸರಿ ಇದೆಯೋ ಇಲ್ಲವೋ ಎಂಬಂತೆ ನೋಡಿದಳು. ನೋಡಲಿ. ಅವಳಿಗೆ ನಮ್ಮ ಕಾಕಾ ಗೊತ್ತಿಲ್ಲ.

ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯುವಾಗ ಮಾತು ಹಿಂದೆ ಮುಂದೆ ಆದೀತು, ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಕಾ ಗದಗಿನ ಹತ್ತಿ ಪೇಟೆಯಲ್ಲಿ ಚೀಲ ಹೊರುವ ಹಮಾಲರ ಹಿರಿಯ, ಅಂದರೆ ಮುಕಾದಮ. ಯಾರು ಯಾವ ಅಂಗಡಿಗೆ ಹೋಗಬೇಕು, ಎಷ್ಟು ಚೀಲ ಹೊರಬೇಕು, ಎಲ್ಲ ಅವರ ಮಾತು. ಆ ಮುಕಾದಮಕಿಯನ್ನು ಯಾವ ಸಾವಕಾರನೂ ಕೊಡುತ್ತಿರಲಿಲ್ಲ. ಅದನ್ನು ಕೊಡುತ್ತಿದ್ದುದು ನಮ್ಮ ಓಣಿಯ ಬೇವಿನ ಗಿಡದ ಕೆಳಗಿದ್ದ ಗುಂಡುಕಲ್ಲು. ಅದನ್ನು ಹೆಗಲಿಗೆ ತಂದವನು, ಮತ್ತೊಬ್ಬ ತರುವ ತನಕ, ಮುಕಾದಮ. ನಾಗರಪಂಚಮಿ ಬಂತೆಂದರೆ ಹರೆಯದ ಹುಡುಗರೆಲ್ಲ ಅದನ್ನು ಅಪ್ಪಿಕೊಂಡು ಒದ್ದಾಡುತ್ತಿದ್ದರು. ಒಂದು ಕಟ್ಟಳೆಯೂ ಇತ್ತು. ಮುಕಾದಮ ಕಲ್ಲಿಗೆ ಕೈ ಹಚ್ಚಿದ ಮೇಲೆ ಹೆಗಲಿಗೆ ತರಲೇಬೇಕು. ನಡುವೆ ಬಿಟ್ಟರೆ ತನ್ನ ತಲೆಯ ರುಮಾಲು ಬಿಚ್ಚಿ ಕಲ್ಲಿನ ಮೇಲಿಟ್ಟು ಮುಕಾದಮಕಿ ಬಿಟ್ಟು ನಡೆಯಬೇಕು.

ಸ್ವಾತಂತ್ರ್ಯ ಬಂದ ದಿನ ಕಾಕಾ ಅದನ್ನು ಎತ್ತಿದ್ದರು. ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ನೆನಪು... ಗುಲಾಲು, ಹಲಗೆಯ ಸದ್ದು, ಹೆಗಲ ಮೇಲೆ ಕಲ್ಲು ಇಟ್ಟುಕೊಂಡು ನಗುತ್ತಿದ್ದ ಕಾಕಾ. ಊರು ಅಷ್ಟನ್ನು ನೋಡಿತು. ಆಮೇಲಿನದನ್ನು ನೋಡಿದವರು ಕಾಕಿ, ನನ್ನ ಅವ್ವ ಮತ್ತು ನಾನು. ಅವ್ವ ಕಾಸಿ ಕೊಟ್ಟ ಎಣ್ಣೆಯ ಬಟ್ಟಲನ್ನು ಸಂಜೆಗೊಮ್ಮೆ ಅವರ ಮನೆಗೆ ಒಯ್ಯುವುದು ನನ್ನ ಕೆಲಸ. ಕಾಕಾ ಬೋರಲು ಮಲಗಿರುತ್ತಿದ್ದರು, ಕಾಕಿ ಸೊಂಟ ತಿಕ್ಕುತ್ತಿದ್ದಳು. ಎಷ್ಟೋ ತಿಂಗಳು ಅವರಿಗೆ ನೆಲದ ಮೇಲೆ ಕುಳಿತು ಉಣ್ಣಲು ಆಗಲಿಲ್ಲ. ಗೋಡೆಗೆ ಆತು ನಿಂತು ರೊಟ್ಟಿ ತಿನ್ನುತ್ತಿದ್ದರು, ಯಾರಾದರೂ ಬಂದರೆ ಆಗಷ್ಟೇ ಎದ್ದವರ ಹಾಗೆ ನಟಿಸುತ್ತಿದ್ದರು. "ಹೊರಗ ಹೇಳಬ್ಯಾಡವಾ" ಎಂದು ಕಾಕಿ ನನ್ನ ಕೈಗೆ ಶೇಂಗಾ ಬೆಲ್ಲ ತುರುಕುತ್ತಿದ್ದಳು. ನಾನು ಹೇಳಲಿಲ್ಲ.

ಕರ್ನಾಟಕ ಒಂದಾದ ದಿನ ಬಂತು. ನನಗೆ ಹದಿಮೂರೋ ಹದಿನಾಲ್ಕೋ, ಅಡರಕಟ್ಟಿ ಊರಿಗೆ ಮದುವೆ ಮಾಡಿ ಕೊಡುವ ಮಾತು ಆಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಮಂದಿ ಬಂದಿದ್ದರು. ಮುಂಡರಗಿಯ ಆಚೆ ನಿಜಾಮನ ಸೀಮೆಯಲ್ಲಿದ್ದ ನಂಟರು ಈಗ ನಮ್ಮ ರಾಜ್ಯದವರೇ ಎಂದು ಅಪ್ಪ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಜನರ ನಡುವೆ ಹತ್ತಿಯ ದಲಾಲಿ ಮಾಡುವ ಒಬ್ಬ ಅಡತಿ ಸಾವಕಾರ ಬೇವಿನ ಗಿಡದ ಕೆಳಗೆ ಬಂದು ನಿಂತ.

"ಮುಕಾದಮಾ, ಸ್ವಾತಂತ್ರ್ಯ ಬಂದಾಗ ಎತ್ತಿದ್ದಿ. ಇವತ್ತ ನಾಡು ಒಂದಾಗೇತಿ. ಇವತ್ತ ಎತ್ತಲಿಲ್ಲಂದ್ರ ಹೆಂಗಪಾ?"

"ನಾಡು ಒಂದಾಗಾಕ ನನ್ನ ಸೊಂಟ ಎರಡ ಆಗಬೇಕೇನ್ರಿ ಸಾವಕಾರ್ರ?" ಎಂದರು ಕಾಕಾ.

ಜನ ಗೊಳ್ಳೆಂದು ನಕ್ಕರು. ಆದರೆ ಬಿಡಲಿಲ್ಲ. ಹಿಂದಿನಿಂದ ಯಾರೋ ಕೂಗಿದ: "ಮುಪ್ಪಾತಲೇ ಕಾಕಾಗ, ಕೈಗೆ ಬಳಿ ತೊಡಸ್ರಿ!"

ಬಾಗಿಲಲ್ಲಿ ನಿಂತಿದ್ದ ಕಾಕಿ ಸುಮ್ಮನಿರಲಿಲ್ಲ. "ಬಳಿ ತೊಟ್ಟ ಕೈಲೇ ದಿನಾ ಭಾವಿಯಿಂದ ಆರು ಕೊಡ ನೀರ ಹೊರತೀನೋ ಮೂಳಾ. ಬಾ, ನೀ ಮೂರು ಹೊತ್ತು ತೋರಸು!"

ಅಷ್ಟರಲ್ಲಿ ಹಲಗೆ ಬಾರಿಸಿದರು, ಕಲ್ಲಿಗೆ ಕುಂಕುಮ ಹಚ್ಚಿದರು. ಕಾಕಾ ಕಚ್ಚೆ ಬಿಗಿದು ಬಗ್ಗಿದರು. ಕಲ್ಲು ನೆಲ ಬಿಟ್ಟಿತು, ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅಲ್ಲಿ ನಿಂತಿತು.

ಆಗ ನಾನು ಕೂಗಿದೆ. ಎಣ್ಣೆಯ ಬಟ್ಟಲು ಒಯ್ದ ನಾನು, ನಿಂತು ರೊಟ್ಟಿ ತಿನ್ನುವುದನ್ನು ಕಂಡ ನಾನು, ಎಲ್ಲರಿಗಿಂತ ಜೋರಾಗಿ ಕೂಗಿದೆ: "ಎತ್ತ್ರಿ ಕಾಕಾ, ಎತ್ತ್ರಿ!"

ಅವರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ... ಅದು ಏನೆಂದು ಇವತ್ತಿಗೂ ಬರೆಯಲು ಬರುವುದಿಲ್ಲ.

ಆಮೇಲೆ ಕಲ್ಲನ್ನು ಇಳಿಸಿದರು. ಕೆಡವಲಿಲ್ಲ, ಇಳಿಸಿದರು. ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಮೆಲ್ಲಗೆ. ಹಲಗೆ ನಿಂತಿತು. ತಾವೇ ರುಮಾಲು ಬಿಚ್ಚಿ ಕಲ್ಲಿನ ಮೇಲಿಟ್ಟು, ಬೋಳುತಲೆಯ ಬೆವರು ಒರೆಸಿಕೊಂಡು ಸಾವಕಾರನ ಕಡೆ ತಿರುಗಿದರು.

"ಇನ್ನ ಒಂದ ಗೇಣು ಎತ್ತಾಕ ಬರತಿತ್ತರಿ. ಆಗಲಿಲ್ಲಂತ ಇಳಿಸಿಲ್ಲ, ಒಲ್ಲೆ ಅಂತ ಇಳಿಸೇನಿ. ಈ ಮೈ ನಂದೈತಿ."

ಜನರ ಸಾಲು ಎರಡಾಗಿ ದಾರಿ ಬಿಟ್ಟಿತು. ಕಾಕಾ ಒಬ್ಬರೇ ನಡೆದು ಮನೆಯೊಳಗೆ ಹೋದರು. ಅವರ ಜೊತೆ ದಿನಾ ಚೀಲ ಹೊರುವ ಒಬ್ಬನೂ ಎರಡು ಹೆಜ್ಜೆ ಹಿಂದೆ ಹೋಗಲಿಲ್ಲ. ಅಪ್ಪನೂ ಹೋಗಲಿಲ್ಲ. ನಾನೂ...

ಆ ದಿನವೇ ಒಬ್ಬ ಹರೆಯದವ ಕಲ್ಲು ಎತ್ತಿ ಮುಕಾದಮನಾದ. ಅವನ ಸೊಂಟ ಮುರಿಯಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಮುರಿಯಲಿಲ್ಲ. ಗಟ್ಟಿಮುಟ್ಟಾಗಿ ಬಹಳ ವರ್ಷ ಬಾಳಿದ. ಕಾಕಾ ಮರುದಿನವೇ ಅವನ ಕೈಕೆಳಗೆ ಚೀಲ ಹೊರಲು ಹೋದರು. ಅಲ್ಲೂ ಸುಮ್ಮನಿರಲಿಲ್ಲ. ಜ್ವರದಲ್ಲಿ ತೂರಾಡುತ್ತಿದ್ದ ಒಬ್ಬ ಹಮಾಲನಿಗೆ "ಇಳಸಲೇ ಚೀಲಾನ" ಎಂದರಂತೆ. ಅವನು "ಬೈತಾರ ಕಾಕಾ" ಎಂದದ್ದಕ್ಕೆ, "ಬೈಲಿ ಬಿಡು, ಬೈಗಳಕ್ಕ ಭಾರ ಇರೂದಿಲ್ಲ" ಎಂದರಂತೆ. ಪೇಟೆಯಲ್ಲಿ ಆ ಮಾತು ಹಮಾಲರ ಬಾಯಲ್ಲಿ ಉಳಿಯಿತು.

ಮದುವೆಯ ಹಿಂದಿನ ದಿನ ನಾನು ಧೈರ್ಯ ಮಾಡಿ ಅವರನ್ನು ಕೇಳಿದ್ದೆ. "ಕಾಕಾ, ನಿಮಗ ಅವತ್ತ ನಾಚಿಕಿ ಆಗಲಿಲ್ಲೇನ್ರಿ?"

"ಆತವಾ, ಭಾಳ ಆತು. ನಾಚಿಕಿ ಎಂಟ ದಿನ ಇರತೈತಿ. ಸೊಂಟ ಸಾಯೂತನಕ ಬೇಕು."

ನಕ್ಕು ಬಿಟ್ಟೆ. ಅರ್ಥವಾಗಿರಲಿಲ್ಲ. ಅಡರಕಟ್ಟಿಯಲ್ಲಿ ಏಳು ತಿಂಗಳ ಬಸುರಿಯಾಗಿ ಹತ್ತಿಯ ಗಂಟು ಹೊತ್ತು ಹೊಲದಿಂದ ಬರುವಾಗ ಹೊಟ್ಟೆಯಲ್ಲಿ ಏನೋ ಜಾರಿದಂತಾಯಿತು. ಹಿಂದೆ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬರುತ್ತಿದ್ದಳು. ಅವಳ ಕಣ್ಣಿಗೆ ಸಣ್ಣವಳಾಗಬಾರದೆಂದು ಗಂಟು ಇಳಿಸಲಿಲ್ಲ, ಮನೆಯ ತನಕ ನಡೆದೆ. ಆ ಕೂಸಿನ ಮಾತು ಇಲ್ಲಿ ಬೇಡ... ಎಲ್ಲರೂ ಗಟ್ಟಿ ಹೆಣ್ಣು ಎಂದು ನನ್ನನ್ನು ಹೊಗಳಿದರು. ಆ ಹೊಗಳಿಕೆ ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಮೈ ದುಡಿಸಬಾರದು ಎಂದು ನಾನು ಹೇಳುತ್ತಿಲ್ಲ. ದುಡಿಯದ ಮೈಗೆ ನಮ್ಮ ಎರೆಭೂಮಿ ಒಂದು ಕಾಳನ್ನೂ ಕೊಡುವುದಿಲ್ಲ. ಆದರೆ ಇನ್ನಷ್ಟು ಎತ್ತು ಎಂದು ಹೇಳುವವನು ಯಾವಾಗಲೂ ಕೈ ಕಟ್ಟಿಕೊಂಡು ನಿಂತವನೇ ಯಾಕೆ ಆಗಿರುತ್ತಾನೆ? ನೋವು ಹೊತ್ತವಳನ್ನು ಬಿಟ್ಟು ಬೇರೆಯವರಿಗೆ ಅದರ ತೂಕ ಹೇಗೆ ಗೊತ್ತು?

ಈಗ ಮೊಮ್ಮಗಳ ಮಾತಿಗೆ ಬರುತ್ತೇನೆ. ರೇಸ್ ಕಲಿಸುವ ಸರ್ ಅವಳ ಮೇಲೆ ಸಿಟ್ಟಾದರು. ನಡುವೆ ಇಳಿದದ್ದು ತಪ್ಪಾಯಿತು ಎಂದು ಬರೆದು ಕೊಟ್ಟು, ಎಲ್ಲ ಹುಡುಗಿಯರ ಮುಂದೆ ಓದಬೇಕು, ಇಲ್ಲದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದರು. ಹುಡುಗಿ ಎರಡು ದಿನ ಉಣ್ಣಲಿಲ್ಲ. ಸೈಕಲ್ ಎಂದರೆ ಅವಳಿಗೆ ಜೀವ. ಮೂರನೆಯ ದಿನ ಹಾಳೆ ಪೆನ್ನು ಹಿಡಿದು ಕುಳಿತಳು. ನಾನು ಹಾಳೆ ಕಸಿದುಕೊಂಡು, ಚಪ್ಪಲಿ ಮೆಟ್ಟಿ, ಅವಳ ಜೊತೆ ಮೈದಾನಕ್ಕೆ ಹೋದೆ.

"ಅಜ್ಜಿ, ಸೋತರ ಪರವಾಗಿಲ್ಲರಿ. ಕೊನೀತನಕ ಹೋಗಬೇಕು" ಎಂದರು ಸರ್. ಕೆಟ್ಟವರಲ್ಲ, ದನಿ ಮೆತ್ತಗೇ ಇತ್ತು.

"ರಸ್ತೆ ಕೊನೀತನಕೋ, ಮೊಣಕಾಲಿನ ಕೊನೀತನಕೋ ಸರ?"

ಹುಡುಗಿಯರು ಬಾಯಿಗೆ ಕೈ ಹಚ್ಚಿಕೊಂಡು ನಿಂತರು.

"ಜಾಗ ಕೊಡ್ರಿ, ಬಿಡ್ರಿ, ಅದು ನಿಮ್ಮ ಮರ್ಜಿ. ತಪ್ಪಾತು ಅಂತ ನಮ್ಮ ಹುಡುಗಿ ಓದೂದಿಲ್ಲ" ಎಂದೆ.

ಜಾಗ ಸಿಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮೊಮ್ಮಗಳು ನನ್ನ ತೋಳು ಹಿಡಿದಳು, ನಾವಿಬ್ಬರೂ ಆ ಹುಡುಗಿಯರ ಸಾಲಿನ ನಡುವೆ ಮೆಲ್ಲಗೆ ನಡೆದು ಹೊರಗೆ ಬಂದೆವು. ಅವಳು ಕುಂಟುತ್ತಿದ್ದಳು, ನಾನೂ ವಯಸ್ಸಿಗೆ ಕುಂಟುತ್ತಿದ್ದೆ. ನಗು ತಡೆಯಲಾಗಲಿಲ್ಲ.

ಕಾಕಾ ತೀರಿಕೊಂಡಾಗ ನಾನು ಬಾಣಂತಿ, ಅಡರಕಟ್ಟಿಯಿಂದ ಹೋಗಲು ಆಗಲಿಲ್ಲ. ಅವತ್ತು ಕೂಗಿದ್ದು ತಪ್ಪಾಯಿತು ಎಂದು ಅವರಿಗೆ ಹೇಳುವುದು ಉಳಿದೇ ಹೋಯಿತು. ಇನ್ನು ಹೇಳಲು ಅವರಿಲ್ಲ. ಅವರು ಬೇವಿನ ಗಿಡದಿಂದ ಮನೆಯ ತನಕ ಒಬ್ಬರೇ ನಡೆದರು. ನನ್ನ ಹುಡುಗಿಯನ್ನು ನಾನು ಒಬ್ಬಳೇ ನಡೆಯಲು ಬಿಡಲಿಲ್ಲ.