ಸಿಸೇರಿಯನ್‌ಗೆ ಮುಂಚೆ ನಾಲ್ಕು ಇಡ್ಲಿ

ವೆಸ್ಟ್ ಮಾಂಬಲಂನ ನರ್ಸಿಂಗ್ ಹೋಮ್. ಅಕ್ಕನ ಮಗಳಿಗೆ ಬೆಳಗಿನಿಂದ ಹೆರಿಗೆ ನೋವು. ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಸಿಸೇರಿಯನ್ ಆಗಬೇಕು ಎಂದರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಓಡಿಬಂದು ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇವಳು ಏನಾದರೂ ತಿಂದಿದ್ದಾಳಾ?

“ಅಯ್ಯಯ್ಯೋ, ಇಲ್ಲ ಡಾಕ್ಟರ್! ಒಂದು ತೊಟ್ಟು ನೀರೂ ಇಲ್ಲ,” ಎಂದರು ನಮ್ಮ ಬೀಗಿತ್ತಿ, ಅಂದರೆ ಹುಡುಗಿಯ ಅತ್ತೆ. ಹೇಳುತ್ತಲೇ ಕೈಚೀಲವನ್ನು ಸೆರಗಿನೊಳಗೆ ಎಳೆದುಕೊಂಡರು. ಹುಡುಗಿ ಬಾಯಿ ತೆರೆದವಳು ಅತ್ತೆಯ ಕಣ್ಣು ನೋಡಿ ಮುಚ್ಚಿದಳು.

“ಆ ಚೀಲ ತೆಗೀರಿ,” ಅಂದೆ.

“ಏನ್ರೀ, ನನ್ನನ್ನೇ ಕಳ್ಳಿ ಅಂತೀರಾ?”

ತೆಗೆದರೆ ಖಾಲಿ ಡಬ್ಬಿ, ತಳದಲ್ಲಿ ತುಪ್ಪ. ನಾಲ್ಕು ಇಡ್ಲಿ ತಿಂದೆ, ಗಂಟೆಯ ಹಿಂದಷ್ಟೇ ಎಂದು ಹುಡುಗಿ ಒಪ್ಪಿಕೊಂಡಳು.

“ನರ್ಸ್ ಬೇಡ ಅಂದ್ಲು, ನಿಜ. ಖಾಲಿ ಹೊಟ್ಟೇಲಿ ಹೆರೋಕೆ ಶಕ್ತಿ ಎಲ್ಲಿಂದ ಬರುತ್ತೆ? ನಾನು ಮೂರು ಹೆತ್ತವಳು!”

“ಹೆತ್ತಿರಿ ಅಮ್ಮಾ, ಸಂತೋಷ,” ಎಂದರು ಡಾಕ್ಟರಮ್ಮ. “ಪ್ರಜ್ಞೆ ತಪ್ಪಿಸಿದಾಗ ಈ ಇಡ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಸೊಸೆ ಉಳಿಯೋದು ಕಷ್ಟ. ಆಮೇಲೆ ಶಕ್ತಿ ಯಾರಿಗೆ ಕೊಡ್ತೀರಿ?”

ಹೊಟ್ಟೆಯ ಆಮ್ಲಕ್ಕೆ ಔಷಧಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಅವಳನ್ನು ಎಚ್ಚರವಾಗಿಯೇ ಇಟ್ಟು ಮಗು ತೆಗೆದರು. ಹೆಣ್ಣು ಮಗು. ಇಬ್ಬರೂ ಕ್ಷೇಮ.

ಬೀಗಿತ್ತಿ ಆಮೇಲೆ ಮೆಲ್ಲಗೆ ಪಕ್ಕದಲ್ಲಿ ಕೂತರು. “ಅಷ್ಟು ಖಚಿತವಾಗಿ ನಿಮಗೆ ಹೇಗ್ರೀ ಗೊತ್ತಾಯ್ತು?”

ಎಷ್ಟು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳ ಮುಂದೆ ಉಪ್ಪಿನಕಾಯಿಯ ಚೀಲವನ್ನು ತಬ್ಬಿಕೊಂಡು, “ತಿನ್ನೋದು ಏನೂ ಇಲ್ಲ ಸಾರ್” ಎನ್ನುವಾಗ ನಾನೂ ಅದೇ ಮುಖ ಮಾಡಿದ್ದೇನೆ ಎಂದು ಅವರಿಗೇಕೆ ಹೇಳಲಿ?